ಲಾರಿಯ ಮೇಲೆ ಬಂದ ಮನೆ

ಪುಟ್ಟಿ, ಅಪ್ಪು,

ಹೋದ ರಜೆಯಲ್ಲಿ ಪುಟ್ಟಿ ನನ್ನ ಹತ್ತಿರ ಒಂದು ಮಾತು ಕೇಳಿದ್ದಳು. ಸಾಗರದ ಶಾಲೆಯಲ್ಲಿ ಅವಳ ಪಕ್ಕ ಕೂರುವ ಹುಡುಗಿ, ‘ನಿಮ್ಮಜ್ಜಿ ಕಂಟೇನರ್‌ನಲ್ಲಿ ಇರೋದಂತೆ, ಹೌದಾ?’ ಅಂದಳಂತೆ. ನಾನು ‘ಹೋಗ್ಲಿ ಬಿಡು’ ಅಂದು ಅಕ್ಕಿ ಆರಿಸಲು ಕೂತುಬಿಟ್ಟೆ. ಎದುರಿಗೆ ಯಾರಾದರೂ ಇದ್ದರೆ ನನಗೆ ಉತ್ತರ ಹೊಳೆಯುವುದಿಲ್ಲ. ಅವರು ಬಸ್ಸು ಹತ್ತಿ ಹೋದ ಮೇಲೆ ಹೊಳೆಯುತ್ತದೆ. ಈಗ ಹೊಳೆದಿದೆ, ಬರೆಯುತ್ತಿದ್ದೇನೆ. ನಾನು ಏಳನೇ ಕ್ಲಾಸಿನವರೆಗೆ ನಮ್ಮೂರ ಶಾಲೆಯಲ್ಲೇ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮ ಮನೆ ಕಾರ್ಖಾನೆಯಲ್ಲಿ ತಯಾರಾದದ್ದು ನಿಜ. ಎರಡು ಭಾಗವಾಗಿ ಎರಡು ಲಾರಿಯಲ್ಲಿ ಬಂದದ್ದೂ ನಿಜ. ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಅದು ಬಂದದ್ದು ಹೇಗೆ, ಬರದೇ ಹೋಗುವುದರಲ್ಲಿತ್ತು ಹೇಗೆ ಅನ್ನುವುದು ನಿಮಗೆ ಗೊತ್ತಿರಬೇಕು.

ನಿಮ್ಮ ಅಜ್ಜ ತೀರಿಕೊಂಡಾಗ ನಾವು ದೊಡ್ಡಜ್ಜನ ಮನೆಯಲ್ಲೇ ಇದ್ದೆವು. ದೊಡ್ಡಜ್ಜ ಅಂದರೆ ಅಜ್ಜನ ಅಣ್ಣ, ನನಗೆ ಭಾವ. ಅಣ್ಣ ತಮ್ಮ ಪಾಲು ಮಾಡಿಕೊಂಡಾಗ ಮನೆ ಅಣ್ಣನಿಗೆ ಹೋಯಿತು, ನಮಗೆ ಒಂದಿಷ್ಟು ಗದ್ದೆ ಮತ್ತು ಹೊಸನಗರದ ರಸ್ತೆಯಿಂದ ಒಳಗೆ ಬರುವ ದಾರಿಯಲ್ಲಿ ಹತ್ತು ಗುಂಟೆ ಖಾಲಿ ಜಾಗ. ಅಲ್ಲಿ ಮನೆ ಕಟ್ಟಬೇಕೆಂದು ಅಜ್ಜ ಜಂಬಿಟ್ಟಿಗೆ ಕಲ್ಲು ತಂದು ಹಾಕಿಸಿದ್ದರು. ಕಟ್ಟುವ ಮೊದಲೇ ಹೋದರು.

ಅವರು ಹೋದ ಮೇಲಿನ ಮೊದಲ ಬೇಸಿಗೆಯಲ್ಲಿ ನಾನು ಪಾಯ ತೋಡಿಸಿದೆ. ಮೇಸ್ತ್ರಿ ಎಂಟು ದಿನ ಬಂದ, ಒಂಬತ್ತನೇ ದಿನ ರಿಪ್ಪನ್‌ಪೇಟೆ ಕಡೆ ಯಾರದೋ ಕಲ್ಯಾಣಮಂಟಪದ ಕೆಲಸಕ್ಕೆ ಹೋದ. ಜೂನ್‌ನಲ್ಲಿ ಪಾಯದ ತುಂಬ ನೀರು ನಿಂತು ಕಪ್ಪೆ ಕೂಗಿದವು. ಎರಡನೇ ಬೇಸಿಗೆಯಲ್ಲಿ ಮೇಸ್ತ್ರಿ ಸಿಕ್ಕಿದ, ಮರಳು ಸಿಗಲಿಲ್ಲ. ಮರಳು ಸಿಕ್ಕಾಗ ಆಳು ಸಿಗಲಿಲ್ಲ. ಎರಡೂ ಸಿಗುವ ಹೊತ್ತಿಗೆ ಮೋಡ ಬಂತು. ನಮ್ಮ ಕಡೆ ಕಟ್ಟಡದ ಕೆಲಸಕ್ಕೆ ಸಿಗುವುದೇ ಐದು ತಿಂಗಳು. ಅದರಲ್ಲಿ ಮದುವೆ ಮುಂಜಿ, ಬೇರೆಯವರ ಕೆಲಸ ಎಲ್ಲ ಕಳೆದು ಒಬ್ಬಳೇ ಹೆಂಗಸಿನ ಮನೆಗೆ ಅಂತ ಉಳಿಯುವುದು ಕಡಿಮೆ. ಗಂಡಸು ನಿಂತು ಜೋರು ಮಾಡಿದ ಕಡೆ ಆಳು ಹೋಗುತ್ತಾರೆ. ನಾನು ಜೋರು ಮಾಡುವವಳಲ್ಲ, ಚಾ ಕೊಟ್ಟು ಬದಿಗೆ ನಿಲ್ಲುವವಳು.

ಅಷ್ಟರಲ್ಲಿ ಭಾವ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು. ‘ಇನ್ನೊಂದು ಬೇಸಿಗೆ ನೋಡು. ಆಗದಿದ್ರೆ ಆ ಜಾಗದಲ್ಲಿ ನಾನೊಂದು ಶೆಡ್ ಹಾಕ್ತೀನಿ, ಟ್ರ್ಯಾಕ್ಟರ್ ನಿಲ್ಸಾಕೆ ಆಗುತ್ತೆ. ನಿಂಗೆ ಇಲ್ಲಿ ಎಂತ ಕಮ್ಮಿ ಆಗಿದೆ? ಕೋಣೆ ಇಲ್ವಾ?’

ನಾನು ಅಡಿಗೆಮನೆ ಬಾಗಿಲ ಹಿಂದೆ ನಿಂತಿದ್ದೆ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ರೂಢಿ ಇಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅವರಿಗೆ ಹೇಳುವುದನ್ನೆಲ್ಲ ಓರಗಿತ್ತಿಯ ಮೂಲಕ, ಇಲ್ಲವೇ ಬಾಗಿಲ ಸಂದಿಯಿಂದ ಹೇಳಿದವಳು. ಅವತ್ತು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದನ್ನು ಅವರು ಒಪ್ಪಿಗೆ ಅಂದುಕೊಂಡರು. ಅದು ಅವರ ತಪ್ಪಲ್ಲ.

ನನ್ನ ಕೋಣೆ ಬಚ್ಚಲಿನ ಪಕ್ಕದ್ದು. ನಿಮಗೆ ನೆನಪಿರಬಹುದು, ಇಲ್ಲದಿರಬಹುದು. ಆ ವರ್ಷ ಬೇಸಿಗೆ ರಜೆಗೆ ನೀವಿಬ್ಬರೂ ಅಮ್ಮನ ಜೊತೆ ಹತ್ತು ದಿನ ಇರುತ್ತೇವೆ ಅಂತ ಬಂದಿರಿ. ಅಪ್ಪುವಿಗೆ ಆಗ ಹಾಸಿಗೆ ಒದ್ದೆ ಮಾಡುವ ವಯಸ್ಸು. ಮೂರನೇ ದಿನ ಓರಗಿತ್ತಿ ಹಾಸಿಗೆ ಬಿಸಿಲಿಗೆ ಹಾಕುತ್ತಾ, ‘ಮಕ್ಕಳು ಬಂದ್ರೆ ಚೆಂದ, ಹೋದ್ರೆ ಇನ್ನೂ ಚೆಂದ ಅಲ್ವೇನೇ?’ ಅಂದು ನಕ್ಕಳು. ಅವಳು ಕೆಟ್ಟವಳಲ್ಲ, ತಮಾಷೆಗೇ ಅಂದದ್ದು. ನಿಮ್ಮ ಅಮ್ಮ ಮಾತ್ರ ನಗಲಿಲ್ಲ. ಮಧ್ಯಾಹ್ನದ ಬಸ್ಸಿಗೆ ನಿಮ್ಮನ್ನು ಕರಕೊಂಡು ಸಾಗರಕ್ಕೆ ಹೋದಳು. ಹೋಗುವಾಗ ಪುಟ್ಟಿ ಕೇಳಿದಳು, ‘ಅಜ್ಜಿ, ಇದು ನಿನ್ನ ಮನೆ ಅಲ್ವಾ?’

ಆ ಮಳೆಗಾಲ ನಾನು ಅದನ್ನೇ ಯೋಚಿಸುತ್ತಾ ಕಳೆದೆ. ನೀವು ಬಂದರೆ ಇಡೀ ರಜೆ ಇರುವಂಥ ಮನೆ ಒಂದು ಬೇಕು. ಮುಂದಿನ ಮಳೆ ಹಿಡಿಯುವುದರೊಳಗೆ ಬೇಕು. ಇಲ್ಲವಾದರೆ ಅಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ.

ನವರಾತ್ರಿ ಕಳೆದ ಮೇಲೆ ಮೇಗರವಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಹುಷಾರಿಲ್ಲ ಅಂತ ನೋಡಲು ಹೋದೆ. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಅಕ್ಕನ ಮನೆ ಹತ್ತಿರ ಪ್ರವಾಸಿಗರಿಗೆ ಉಳಿಯಲು ಅಂತ ಸಾಲಾಗಿ ನಾಲ್ಕು ಪುಟ್ಟ ಮನೆ ಇಟ್ಟಿದ್ದರು. ‘ಇಟ್ಟಿದ್ದರು’ ಅಂತಲೇ ಬರೆಯಬೇಕು, ಕಟ್ಟಿದ್ದಲ್ಲ. ಗಿಡ್ಡ ಕಂಬದ ಮೇಲೆ ನೆಲಕ್ಕೆ ತಾಗದ ಹಾಗೆ ನಿಂತಿದ್ದವು. ಅಲ್ಲಿ ಕಸ ಗುಡಿಸುವ ಹೆಂಗಸು ಅಕ್ಕನಿಗೆ ಪರಿಚಯ. ಯಾರೂ ಇಲ್ಲದ ಹೊತ್ತಿಗೆ ನನ್ನನ್ನು ಒಳಗೆ ಕರೆದಳು. ನಾನು ಗೋಡೆ ತಟ್ಟಿ ನೋಡಿದೆ.

‘ತೆಂಗಿನಕಾಯಿ ತಟ್ಟಿದಂಗೆ ತಟ್ತೀರಲ್ಲ’ ಅಂದಳು.

‘ಮಳೆಗೆ ಹೆಂಗೆ?’ ಅಂತ ಕೇಳಿದೆ.

‘ಅದನ್ ಕೇಳಿ. ಮೊದಲನೇ ಮಳೆಗಾಲ ನೋಡ್ಬೇಕಿತ್ತು, ಒಳಗೆ ಗಂಡ ಹೆಂಡ್ತಿ ಜಗಳ ಆಡಿದ್ರೂ ಒಬ್ಬರದ್ದು ಒಬ್ಬರಿಗೆ ಕೇಳ್ತಿರ್ಲಿಲ್ಲ, ಅಷ್ಟು ಸದ್ದು. ಆಮೇಲೆ ಸೂರಿನ ಮೇಲೆ ಇನ್ನೊಂದು ಇಳಿಜಾರು ಮಾಡು ಹಾಕ್ಸಿದ್ರು. ಈಗ ಪರವಾಗಿಲ್ಲ.’

ಅವಳು ಹೇಳಿದ್ದನ್ನೆಲ್ಲ ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ, ಔಷಧಿ ಚೀಟಿಯ ಹಿಂದೆ ಬರೆದುಕೊಂಡೆ. ಕಪಾಟನ್ನು ಗೋಡೆಗೆ ಒತ್ತಿ ಇಡಬಾರದು, ಹಿಂದೆ ಬೂಷ್ಟು ಹಿಡಿಯುತ್ತದೆ. ಕಿಟಕಿ ಎದುರು ಬದುರು ಇರಬೇಕು, ಇಲ್ಲವಾದರೆ ಏಪ್ರಿಲ್‌ನಲ್ಲಿ ಬೆಂದು ಹೋಗುತ್ತೀರಿ. ಎಲ್ಲಿ ಬೇಕಾದರೂ ಮೊಳೆ ಹೊಡೆಯುವ ಹಾಗಿಲ್ಲ, ಗೋಡೆಯ ಒಳಗೆ ಕರೆಂಟಿನ ತಂತಿ ಇರುತ್ತದೆ. ಒರಲೆ, ಗೆದ್ದಲು ಮಾತ್ರ ಹತ್ತುವುದಿಲ್ಲ. ಆಮೇಲೆ ಅವಳು ಹೇಳಿದ ಒಂದು ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ‘ಸೋಮವಾರ ಕ್ರೇನ್ ಬಂತು, ಶನಿವಾರ ಟೂರಿಸ್ಟ್ ಬಂದ್ರು.’

ಆರು ದಿನ. ನಾನು ಎರಡು ಬೇಸಿಗೆ ಕಳೆದಿದ್ದೆ.

ನಿಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವಳು ಸಾಗರದ ತನ್ನ ಟೈಲರ್ ಅಂಗಡಿಯಲ್ಲಿ ಕೂತೇ ನಾಲ್ಕಾರು ಕಡೆ ವಿಚಾರಿಸಿದಳು. ಕಡೆಗೆ ಶಿವಮೊಗ್ಗದ ಆಚೆಯ ಒಂದು ಕಾರ್ಖಾನೆಯಿಂದ ಎಂಜಿನಿಯರ್ ಹುಡುಗಿಯೊಬ್ಬಳು ಬಂದಳು. ಅವಳು ಮೊದಲು ಜಾಗ ನೋಡಲಿಲ್ಲ, ರಸ್ತೆ ನೋಡಿದಳು. ಡಾಂಬರು ರಸ್ತೆಯಿಂದ ನಮ್ಮ ಜಾಗದವರೆಗೆ ಟೇಪು ಹಿಡಿದು ನಡೆದಳು, ತಿರುವು ಅಳೆದಳು, ಕರೆಂಟ್ ತಂತಿ ಎಷ್ಟು ಎತ್ತರ ಅಂತ ತಲೆ ಎತ್ತಿ ನೋಡಿದಳು.

‘ಅಮ್ಮಾ, ದೊಡ್ಡದು ಒಂದೇ ಪೀಸ್ ತರಕ್ಕಾಗಲ್ಲ. ಈ ತಿರುವಲ್ಲಿ ಲಾರಿ ತಿರುಗಲ್ಲ. ಎರಡು ಸಣ್ಣದು ಮಾಡಿ ಇಲ್ಲಿ ಜೋಡಿಸ್ತೀವಿ’ ಅಂದಳು. ನಮ್ಮ ಮನೆಯ ಅಗಲವನ್ನು ನಿರ್ಧರಿಸಿದ್ದು ಆ ತಿರುವು. ನೀವು ಸೈಕಲ್ಲಿನಿಂದ ಬೀಳುವ ತಿರುವು ಅದೇ.

ಆಮೇಲೆ ಅವಳು ನನ್ನ ಎದುರು ಕೂತು ಕೇಳಿದಳು, ‘ನಿಮಗೆ ಹೆಂಗೆ ಬೇಕು ಹೇಳಿ.’

ನನಗೆ ಹೇಗೆ ಬೇಕು ಅಂತ ಅಲ್ಲಿಯವರೆಗೆ ಯಾರೂ ಕೇಳಿದ್ದು ನೆನಪಿಲ್ಲ. ‘ನೀವು ಹೆಂಗೆ ಮಾಡಿದ್ರೂ ಆಗುತ್ತೆ’ ಅಂದೆ.

‘ಹಂಗೆ ಹೇಳ್ಬೇಡಿ ಅಮ್ಮಾ. ಈಗ ಏನು ಹೇಳಿದ್ರೂ ಮಾಡಬಹುದು. ಅಲ್ಲಿ ಕೆಲಸ ಶುರು ಆದ್ಮೇಲೆ ಕಿಟಕಿ ಒಂದಿಂಚು ಆಚೀಚೆ ಮಾಡಕ್ಕಾಗಲ್ಲ. ಆಮೇಲೆ ನನ್ನ ಬಯ್ಯಬಾರದು.’

ಕಲ್ಲಿನ ಮನೆ ಹಾಗಲ್ಲ. ಅದು ಏಳುತ್ತಾ ಏಳುತ್ತಾ ರೂಪ ಪಡೆಯುತ್ತದೆ. ಕಿಟಕಿ ಇಲ್ಲಿ ಬೇಡ ಅಲ್ಲಿ ಇರಲಿ ಅಂದರೆ ಮೇಸ್ತ್ರಿ ‘ನೋಡಾಣ ಅಕ್ಕ’ ಅನ್ನುತ್ತಾನೆ. ಈ ಮನೆಯಲ್ಲಿ ನೋಡಾಣ ಅನ್ನುವುದಿಲ್ಲ. ಎಲ್ಲವನ್ನೂ ಮೊದಲೇ ತಲೆಯಲ್ಲಿ ಕಟ್ಟಿ ಮುಗಿಸಬೇಕು. ಪುಟ್ಟಿ ಬಿಟ್ಟು ಹೋಗಿದ್ದ ಚೌಕುಳಿ ಪುಸ್ತಕ ತೆಗೆದು ನಾಲ್ಕು ದಿನ ಕೂತೆ. ರೊಟ್ಟಿ ತಟ್ಟುವಾಗ ನನ್ನ ಮೊಣಕೈ ಎಷ್ಟು ಎತ್ತರಕ್ಕೆ ಬರುತ್ತದೆ ಅಂತ ದಾರ ಹಿಡಿದು ಅಳೆದು ಅಡಿಗೆಕಟ್ಟೆಯ ಎತ್ತರ ಬರೆದೆ. ನೀರು ಕಾಯಿಸುವ ಒಲೆ ಹೊರಗೆ ಬೇರೆ ಇರಲಿ, ಒಳಗೆ ಬೆಂಕಿ ಹೊಗೆ ಬೇಡ ಅಂತ ಬರೆದೆ. ನೀವಿಬ್ಬರೂ ಅಮ್ಮನೂ ಮಲಗುವಷ್ಟು ಕೋಣೆ. ಅಡಿಗೆಮನೆಯ ಕಿಟಕಿ ರಸ್ತೆಯ ಕಡೆಗೆ.

ಅದನ್ನು ನೋಡಿ ಓರಗಿತ್ತಿ, ‘ರಸ್ತೆಗೆ ಅಡಿಗೆಮನೆ ಕಿಟಕಿ ಇಡ್ತಾರೇನೇ? ಹೋಗೋರು ಬರೋರು ಎಲ್ಲ ನೋಡಲ್ವಾ?’ ಅಂದಳು.

‘ನಾನೂ ನೋಡ್ತೀನಿ’ ಅಂದೆ. ಅಷ್ಟು ಹೇಳಿದ್ದೇ ನನಗೆ ದೊಡ್ಡದು.

ಊರಿನಲ್ಲಿ ಸುದ್ದಿ ಹರಡಿತು. ಹಾಲಿನ ಡೇರಿಯ ಹತ್ತಿರ ನಿಂತವರಿಗೆ ಒಂದು ತಿಂಗಳು ಬೇರೆ ಮಾತಿರಲಿಲ್ಲ. ‘ಬೇಜಾರಾದ್ರೆ ವಾಪಸ್ ಕಳಿಸ್ಬೌದಾ ಅಕ್ಕ?’ ಅಂತ ಒಬ್ಬ. ‘ಗಾಳಿಗೆ ಹಾರಿ ನಮ್ಮ ಗದ್ದೇಲಿ ಬಿದ್ರೆ ನಂದೇ ಮತ್ತೆ’ ಅಂತ ಇನ್ನೊಬ್ಬ. ಭಾವ ಮಾತ್ರ ತಮಾಷೆ ಮಾಡಲಿಲ್ಲ. ಓರಗಿತ್ತಿಯ ಕಡೆ ತಿರುಗಿ, ನನಗೆ ಕೇಳುವಷ್ಟು ಜೋರಾಗಿ ಹೇಳಿದರು, ‘ಲಾರೀಲಿ ಬರೋದು ಸಾಮಾನು. ಮನೆ ಅಲ್ಲ. ಮನೆ ಅಂದ್ರೆ ಪಾಯ ಹಾಕ್ಬೇಕು, ಬಾಗ್ಲು ನಿಲ್ಲಿಸ್ಬೇಕು. ಬಾಗ್ಲು ಯಾರು ನಿಲ್ಲಿಸ್ತಾರಂತೆ ಕೇಳು.’

ಆ ಪ್ರಶ್ನೆಯಲ್ಲಿ ಏನಿತ್ತು ಅಂತ ನಿಮಗೆ ಹೇಳಬೇಕು. ನಮ್ಮಲ್ಲಿ ಮನೆ ಕಟ್ಟುವಾಗ ಹೆಬ್ಬಾಗಿಲಿನ ದಾರಂದ, ಅಂದರೆ ಚೌಕಟ್ಟು, ನಿಲ್ಲಿಸುವುದು ದೊಡ್ಡ ಶಾಸ್ತ್ರ. ಮಾವಿನ ತೋರಣ ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಗಂಡ ಹೆಂಡತಿ ಕೂಡಿ ಅದಕ್ಕೆ ಕೈ ಹಚ್ಚುತ್ತಾರೆ. ಗಂಡನಿಲ್ಲದವಳು ಆಗ ಹಿಂದೆ ನಿಲ್ಲಬೇಕು. ಮನೆ ಅವಳದ್ದೇ ಆದರೂ. ನನ್ನ ಮನೆಗೆ ಭಾವ, ಓರಗಿತ್ತಿ ದಾರಂದ ನಿಲ್ಲಿಸುತ್ತಾರೆ ಅಂತ ಎಲ್ಲರೂ ತಿಳಿದಿದ್ದರು. ನಾನೂ ಹಾಗೇ ತಿಳಿದಿದ್ದೆ.

ಎಂಜಿನಿಯರ್ ಹುಡುಗಿಗೆ ಫೋನು ಮಾಡಿ ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಬಾಗಿಲು ಫಿಟ್ ಆಗೇ ಬರುತ್ತಲ್ಲಮ್ಮಾ’ ಅಂದಳು. ನಾನು ಓರಗಿತ್ತಿಗೆ ಹೇಳಿದೆ, ಅವಳು ಭಾವನಿಗೆ ಹೇಳಿದಳು.

ಅಲ್ಲಿ ಕಾರ್ಖಾನೆಯಲ್ಲಿ ಗೋಡೆ, ನೆಲ, ನಲ್ಲಿ ಎಲ್ಲ ಆಗುತ್ತಿರುವಾಗ ಇಲ್ಲಿ ನಾವು ಕಂಬ ಎಬ್ಬಿಸಬೇಕಿತ್ತು. ಅದೇ ಇದರ ಅನುಕೂಲ, ಎರಡು ಕಡೆ ಒಟ್ಟಿಗೇ ಕೆಲಸ ನಡೆಯುತ್ತದೆ. ಹನ್ನೆರಡು ಗಿಡ್ಡ ಕಾಂಕ್ರೀಟು ಕಂಬ, ಎಲ್ಲದರ ತಲೆ ಒಂದೇ ಮಟ್ಟದಲ್ಲಿರಬೇಕು ಅಂತ ನಕ್ಷೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು. ಹಳೇ ಮೇಸ್ತ್ರಿಯೇ ಬಂದ. ಮೊದಲ ಬೇಸಿಗೆ ಕೈಕೊಟ್ಟಿದ್ದಕ್ಕೆ ಅವನಿಗೂ ಮನಸ್ಸಿನಲ್ಲಿ ಕೊರೆಯುತ್ತಿತ್ತು ಅಂತ ಕಾಣುತ್ತದೆ, ಈ ಸಲ ಒಂದು ದಿನವೂ ತಪ್ಪಿಸಲಿಲ್ಲ.

ಕೊನೆಯ ದಿನ ನೀರಿನ ಪೈಪು ಹಿಡಿದು ಮಟ್ಟ ನೋಡುವಾಗ ಅವನ ಆಳು ಊಟಕ್ಕೆ ಹೋಗಿದ್ದ. ಒಂದು ತುದಿ ನಾನು ಹಿಡಿದೆ. ಈಶಾನ್ಯದ ಮೂಲೆಯಲ್ಲಿ ನೀರು ಕಂಬದ ತಲೆಗಿಂತ ಮೇಲೆ ನಿಂತಿತ್ತು. ಕಂಬ ಒಂದು ಬೆರಳು ಗಿಡ್ಡ. ಅದರ ಪಕ್ಕದ ಎರಡೂ ಅಷ್ಟೇ.

‘ಇದು ತಗ್ಗಿದ್ಯಲ್ಲ’ ಅಂದೆ.

ಮೇಸ್ತ್ರಿ ಆಚೀಚೆ ನೋಡಿ ದನಿ ತಗ್ಗಿಸಿದ. ‘ಅಕ್ಕ, ನಾನೇ ಬಿಟ್ಟಿದ್ದು. ಮನೆ ಅಂದ್ಮೇಲೆ ಈಶಾನ್ಯ ಸ್ವಲ್ಪ ತಗ್ಗು ಇರ್ಬೇಕು. ನಮ್ಮಪ್ಪ ಕಟ್ಟಿದ್ದು, ನಾನು ಕಟ್ಟಿದ್ದು, ಈ ಸುತ್ತಿನಲ್ಲಿ ಯಾವ ಮನೇನೂ ಹಂಗಿಲ್ದೆ ಇಲ್ಲ. ಆ ಹುಡುಗಿ ಓದಿದಾಳೆ, ಇದೆಲ್ಲ ಎಂತ ಗೊತ್ತು. ಒಂದು ಬೆರಳು ಅಷ್ಟೇ. ನಿಮ್ ಒಳ್ಳೇದಕ್ಕೇ ಮಾಡಿದ್ದು.’

ನನಗೆ ತಪ್ಪು ಅಂತ ಗೊತ್ತಿತ್ತು. ಕೆಂಪು ಶಾಯಿ ಓದಿದ್ದೆ. ಆದರೂ ಒಳಗೆ ಹೆದರಿಕೆ ಇತ್ತು. ಅಜ್ಜನನ್ನು ಕಳಕೊಂಡವಳು ನಾನು, ಇನ್ನು ನಿಮ್ಮ ಅಮ್ಮನಿಗೋ ನಿಮಗೋ ಏನಾದರೂ ಆದರೆ? ಆ ಸಂಜೆ ನಿಮ್ಮ ಅಮ್ಮ ಫೋನು ಮಾಡಿ, ‘ಕಂಬ ಎಲ್ಲ ಮಟ್ಟ ಇದೆಯಾ ಅಂತ ಎಂಜಿನಿಯರ್ ಕೇಳ್ತಿದಾರೆ, ಎಂತ ಹೇಳ್ಲಿ?’ ಅಂದಾಗ ‘ಹೂಂ’ ಅಂದೆ. ಆ ‘ಹೂಂ’ ನನ್ನದು. ಮೇಸ್ತ್ರಿಯ ತಪ್ಪು ಅಂತ ಊರಿನಲ್ಲಿ ಹೇಳುತ್ತಾರೆ, ಅರ್ಧ ನನ್ನ ತಪ್ಪು.

ಮೇ ತಿಂಗಳ ಕೊನೆಯ ವಾರ ಮನೆ ಬಂತು. ಮದುವೆ ಕಾಲದ ರವಿಕೆ ರಾಶಿ ಬಿದ್ದಿತ್ತು ಅಂತ ನಿಮ್ಮ ಅಮ್ಮ ಅವತ್ತು ಬರಲು ಆಗಲಿಲ್ಲ. ಬೆಳಿಗ್ಗೆ ಎಂಟಕ್ಕೇ ಲಾರಿ ಡಾಂಬರು ರಸ್ತೆಯಲ್ಲಿ ನಿಂತಿತ್ತು. ಅಲ್ಲಿಂದ ನಮ್ಮ ಜಾಗಕ್ಕೆ ನಡೆದರೆ ಐದು ನಿಮಿಷ. ಲಾರಿಗೆ ಮೂರು ಗಂಟೆ ಬೇಕಾಯಿತು. ಲೈನ್‌ಮನ್ ಬಂದು ಕರೆಂಟ್ ತೆಗೆದು ಉದ್ದ ಕೋಲಿನಲ್ಲಿ ತಂತಿ ಎತ್ತಿ ಹಿಡಿದ. ತಿರುವಿನಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ. ಸಾಗರದ ಬಸ್ಸು ಹಿಂದೆ ಸಿಕ್ಕಿಕೊಂಡು, ಅದರಲ್ಲಿದ್ದವರೆಲ್ಲ ಇಳಿದು ಬಂದು ನೋಡಿದರು. ‘ಒಳಗೆ ಯಾರಾದ್ರೂ ಇದಾರಾ?’ ಅಂತ ಒಬ್ಬ ಕಂಡಕ್ಟರನ್ನು ಕೇಳಿದ. ‘ಇದಾರೆ, ಸ್ನಾನ ಮಾಡ್ತಿದಾರೆ’ ಅಂದ ಕಂಡಕ್ಟರ್.

ನನ್ನ ಮನೆ, ಕಿಟಕಿ ಬಾಗಿಲು ಸಮೇತ, ಬಿಳೀ ಪ್ಲಾಸ್ಟಿಕ್ ಸುತ್ತಿಕೊಂಡು ಊರೆಲ್ಲರ ಮುಂದೆ ನಿಂತಿತ್ತು. ನನಗೆ ನೆಲದೊಳಗೆ ಹೋಗಬೇಕು ಅನ್ನಿಸಿತು. ಆಮೇಲೆ ಅನ್ನಿಸಿತು, ನೋಡಲಿ.

ಮೊದಲನೇ ಭಾಗವನ್ನು ಕ್ರೇನ್ ಎತ್ತಿ ಕಂಬದ ಮೇಲೆ ಇಟ್ಟಾಗ ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಹಗುರ. ಮಧ್ಯಾಹ್ನ ಎರಡನೆಯದು ಬಂತು. ಅದು ಕೂತಿತು, ಆದರೆ ಸರಿಯಾಗಿ ಕೂರಲಿಲ್ಲ. ಎರಡು ಭಾಗದ ನಡುವೆ ಕೆಳಗೆ ಸಂದಿ ಇಲ್ಲ, ಮೇಲೆ ಕೈ ತೂರುವಷ್ಟು ಸಂದಿ. ಬೋಲ್ಟಿನ ತೂತು ಒಂದಕ್ಕೊಂದು ಸೇರುತ್ತಿಲ್ಲ. ಎಂಜಿನಿಯರ್ ಹುಡುಗಿ ಮುಂಬಾಗಿಲು ಎಳೆದು ನೋಡಿದಳು, ಚೌಕಟ್ಟಿಗೆ ಸಿಕ್ಕಿಕೊಂಡು ಅರ್ಧಕ್ಕೆ ನಿಂತಿತು. ಅವಳು ಕೆಳಗೆ ಬಗ್ಗಿ ಕಂಬ ನೋಡಿದಳು, ಮಟ್ಟ ನೋಡುವ ಯಂತ್ರ ಇಟ್ಟು ನೋಡಿದಳು, ಎದ್ದು ನಿಂತಳು.

‘ಮೂರು ಕಂಬ ತಗ್ಗಿದಾವೆ. ಮಟ್ಟ ನೋಡಿದ್ದು ಯಾರು?’

ಮೇಸ್ತ್ರಿ ತಲೆ ಕೆರೆದುಕೊಂಡ. ‘ಈಶಾನ್ಯ ಅಲ್ವಾ ಮೇಡಂ...’

ಹುಡುಗಿಗೆ ಸಿಟ್ಟು ಬಂತು, ಆದರೆ ಕೂಗಲಿಲ್ಲ. ಕಂಬ ಹೊಸದಾಗಿ ಎತ್ತರಿಸಿ ಕಾಂಕ್ರೀಟು ಗಟ್ಟಿಯಾಗಲು ಎರಡು ವಾರ ಬೇಕು, ಅಷ್ಟರವರೆಗೆ ಈ ಭಾಗವನ್ನು ಇಲ್ಲಿ ಬಿಡುವ ಹಾಗಿಲ್ಲ, ಲಾರಿಯಲ್ಲಿ ವಾಪಸ್ ಒಯ್ಯಬೇಕು ಅಂದಳು. ಪಡುವಣ ಕಡೆ ಆಗಲೇ ಆಕಾಶ ಕಪ್ಪಗಾಗಿತ್ತು. ಎರಡು ವಾರ ಅಂದರೆ ಮಳೆ ಹಿಡಿದಿರುತ್ತದೆ. ಆಮೇಲೆ ಆ ಮಣ್ಣಿನ ದಾರಿಯಲ್ಲಿ ಲಾರಿ ಬರಬೇಕಾದರೆ ದೀಪಾವಳಿ ಕಳೆಯಬೇಕು.

ಭಾವ ಅಲ್ಲೇ ಕೊಡೆ ಊರಿ ನಿಂತಿದ್ದರು. ‘ವಾಪಸ್ ಒಯ್ಲಿ’ ಅಂದರು. ‘ಅರ್ಧ ಮನೆ ಇಟ್ಕೊಂಡು ಎಂತ ಮಾಡೋದು. ಇದೂ ಹೋಗ್ಲಿ.’

ಎಂಜಿನಿಯರ್ ಹುಡುಗಿ ನನ್ನ ಮುಖ ನೋಡಿದಳು. ಅವಳು ರಸ್ತೆ ಅಳೆಯಲು ಬಂದ ದಿನದಿಂದಲೂ ಹಾಗೇ, ಪ್ರಶ್ನೆ ಇದ್ದರೆ ನನ್ನ ಕಡೆಗೇ ನೋಡುವವಳು.

‘ಮಟ್ಟ ಇಲ್ಲ ಅಂತ ನಂಗೆ ಗೊತ್ತಿತ್ತು’ ಅಂದೆ. ‘ಪೈಪು ನಾನೇ ಹಿಡಿದಿದ್ದೆ. ಸರಿ ಇದೆ ಅಂತ ಸುಳ್ಳು ಹೇಳಿದ್ದೂ ನಾನೇ. ಈಗ ಇವತ್ತೇ ಸರಿ ಮಾಡಕ್ಕೆ ದಾರಿ ಇದ್ರೆ ಹೇಳು ಮಗಾ.’

ಹುಡುಗಿ ತನ್ನ ಸಾಮಾನಿನ ಪೆಟ್ಟಿಗೆ ತೆರೆದು ನೋಡಿದಳು. ಸಣ್ಣ ಪುಟ್ಟ ವ್ಯತ್ಯಾಸಕ್ಕೆ ಅಂತ ಉಕ್ಕಿನ ಬಿಲ್ಲೆ ತಂದಿರುತ್ತಾರೆ, ಕಂಬದ ತಲೆಯ ಮೇಲೆ ಇಟ್ಟು ಎತ್ತರ ಸರಿ ಮಾಡಲಿಕ್ಕೆ. ಅವಳ ಹತ್ತಿರ ಇದ್ದದ್ದು ಒಂದು ಕಂಬಕ್ಕೆ ಸಾಲುವಷ್ಟು. ಅದೇ ದಪ್ಪದ ತಗಡು ಸಿಕ್ಕಿ, ಕತ್ತರಿಸಿ ತರುವುದಾದರೆ, ಕ್ರೇನ್ ಹೋಗುವುದರೊಳಗೆ ಆಗುವುದಾದರೆ, ನೋಡಬಹುದು ಅಂದಳು.

ಆಗ ಭಾವ ನನ್ನ ಕಡೆ ತಿರುಗಿ ಹೇಳಿದರು. ಅವರು ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. ‘ನೋಡು ಮಾರಾಯ್ತಿ, ಮೇಸ್ತ್ರಿ ಮಾಡಿದ್ದು ತಪ್ಪಲ್ಲ. ಈಶಾನ್ಯ ಎತ್ತರಿಸಿದ ಮನೇಲಿ ಒಳ್ಳೇದಾಗಲ್ಲ. ಮೊದಲೇ ಗಂಡನ್ನ ಕಳ್ಕೊಂಡಿದೀಯ. ಮಕ್ಕಳು ಮರಿ ಬರೋ ಮನೆ.’

ನಾನು ಸೆರಗು ಹೊದ್ದುಕೊಂಡೆ. ಬಾಗಿಲು ಇರಲಿಲ್ಲ ಹಿಂದೆ ನಿಲ್ಲಲು. ‘ಭಾವ, ನಿಮ್ಮ ಮನೆ ಈಶಾನ್ಯ ಅರ್ಧ ಗೇಣು ತಗ್ಗಿದೆ. ದಿನಾ ಗುಡಿಸೋಳು ನಾನು, ನಂಗೆ ಗೊತ್ತು. ಅವರು ತೀರಿಕೊಂಡಿದ್ದು ಆ ಮನೇಲೇ.’

ಭಾವ ಊರಿದ್ದ ಕೊಡೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅವರಿಗೆ ತಮ್ಮನ ಮೇಲೆ ಜೀವ ಇತ್ತು, ಅದು ನನಗೂ ಗೊತ್ತು. ಆ ಮಾತು ಅವರಿಗೆ ನೋವು ಮಾಡಿತು. ಆದರೂ ನಾನು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ನಿಜವಾದ ಮಾತು ಅದು.

ಮೇಸ್ತ್ರಿ ಆಗಲೇ ಬೈಕ್ ಹತ್ತಿದ್ದ. ಹೊಸನಗರದ ವೆಲ್ಡಿಂಗ್ ಅಂಗಡಿಗೆ ಹೋಗಿ, ತಗಡು ಅಳೆದು ಕತ್ತರಿಸಿ, ಚೀಲದಲ್ಲಿ ತುಂಬಿಕೊಂಡು ನಾಲ್ಕೂವರೆಗೆ ಬಂದ. ಕ್ರೇನ್‌ನವನು ಎರಡು ಸಲ ಗಡಿಯಾರ ನೋಡಿಕೊಂಡಿದ್ದ. ನಾನು ಅವನಿಗೆ ಎರಡು ಸಲ ಚಾ ಕೊಟ್ಟಿದ್ದೆ. ಎತ್ತಿದರು, ಬಿಲ್ಲೆ ಇಟ್ಟರು, ಇಳಿಸಿದರು. ಯಂತ್ರ ಇಟ್ಟು ನೋಡಿ ಮತ್ತೆ ಎತ್ತಿದರು, ಒಂದು ಬಿಲ್ಲೆ ತೆಗೆದರು. ಮೂರನೇ ಸಲಕ್ಕೆ ಬೋಲ್ಟು ಬೆರಳಲ್ಲಿ ತಿರುಗಿಸಿದರೇ ಒಳಗೆ ಹೋಯಿತು. ಸಂದಿಗೆ ರಬ್ಬರ್ ಪಟ್ಟಿ ಕೂರಿಸುವಾಗ ಮೊದಲ ಹನಿ ಬಿತ್ತು.

‘ಅಮ್ಮಾ, ಬಾಗಿಲು ಸರಿ ಮುಚ್ಚುತ್ತಾ ನೋಡಿ’ ಅಂತ ಹುಡುಗಿ ಮೇಲಿಂದ ಕೂಗಿದಳು.

ನಾನು ಮೆಟ್ಟಿಲ ಬದಲು ಇಟ್ಟಿದ್ದ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿ ಒಳಗೆ ಹೋದೆ. ಬಾಗಿಲು ಎಳೆದೆ. ಎಲ್ಲೂ ತಾಗದೆ ಮುಚ್ಚಿಕೊಂಡಿತು. ಚಿಲಕ ಹಾಕಿ ನೋಡಿದೆ, ಕೂತಿತು. ಹೊರಗೆ ಊರು ಪೂರ್ತಿ ಇತ್ತು, ಒಳಗೆ ನಾನೊಬ್ಬಳೇ. ಹೊಸ ಬಣ್ಣದ ವಾಸನೆ. ಆಮೇಲೆ ತಲೆಗೆ ಹೋಯಿತು, ಶಾಸ್ತ್ರ ಆಗುವ ಮೊದಲೇ ಹೊಸ್ತಿಲು ದಾಟಿದವಳು ನಾನು ಅಂತ. ದಾಟಿ ಆಗಿತ್ತು. ಸ್ವಲ್ಪ ಹೊತ್ತು ಅಲ್ಲೇ ನಿಂತುಕೊಂಡೆ, ತೆರೆಯಲು ಅವಸರ ಮಾಡಲಿಲ್ಲ.

ತೆರೆದಾಗ ಓರಗಿತ್ತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕೆಳಗೆ ನಿಂತಿದ್ದಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ ತಟ್ಟೆಯನ್ನು ನನ್ನ ಕಡೆ ಚಾಚಿ, ‘ಹೊಸ್ತಿಲಿಗೆ ನೀನೇ ಇಡು ಮಾರಾಯ್ತಿ, ನಂಗೆ ಅಷ್ಟೆತ್ತರ ಹತ್ತಕ್ಕೆ ಸೊಂಟ ಆಗಲ್ಲ’ ಅಂದಳು. ಆ ಬೆಳಿಗ್ಗೆ ಅವಳು ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬಂದದ್ದನ್ನು ನಾನು ನೋಡಿದ್ದೆ. ಬಗ್ಗಿ ತಟ್ಟೆ ತೆಗೆದುಕೊಂಡೆ.

ಇದೆಲ್ಲ ಆದ ಮೇಲೆ ಸುಖವೋ ಸುಖ ಅಂತ ಬರೆದರೆ ಸುಳ್ಳಾಗುತ್ತದೆ. ಮೇಲಿನ ಇಳಿಜಾರು ಮಾಡು ಹಾಕುವುದು ಒಂದು ವಾರ ತಡವಾಗಿ, ಆ ವಾರ ಪೂರ್ತಿ ತಮಟೆಯ ಒಳಗೆ ಮಲಗಿದ ಹಾಗಿತ್ತು. ಮೊದಲ ಮಳೆಗಾಲದಲ್ಲಿ ಎರಡು ಭಾಗ ಸೇರುವ ಕಡೆ ಸೋರಿತು. ಕಲ್ಲಿನ ಮನೆಯಾಗಿದ್ದರೆ ಊರಿನ ಯಾರಾದರೂ ಸಿಮೆಂಟು ಮೆತ್ತುತ್ತಿದ್ದರು. ಇದಕ್ಕೆ ಕಾರ್ಖಾನೆಯವನೇ ಬರಬೇಕು. ನಾಲ್ಕು ದಿನ ಕೆಳಗೆ ಪಾತ್ರೆ ಇಟ್ಟುಕೊಂಡು ಕಾದೆ. ನೆಲದ ಮೇಲೆ ಜೋರಾಗಿ ನಡೆದರೆ ಪೊಳ್ಳು ಸದ್ದು ಬರುತ್ತದೆ. ಇನ್ನೊಂದು ಕೋಣೆ ಬೇಕು ಅನ್ನಿಸಿದರೆ ಮೇಸ್ತ್ರಿ ಸಾಲದು, ಮತ್ತೆ ಲಾರಿ ಬರಬೇಕು. ಅಗ್ಗ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಕಲ್ಲಿನ ಮನೆಗಿಂತ ಕಮ್ಮಿ ಏನೂ ಆಗಲಿಲ್ಲ. ಉಳಿದದ್ದು ಕಾಲ. ನನ್ನ ವಯಸ್ಸಿನವರಿಗೆ ಅದೇ ದೊಡ್ಡದು. ಮತ್ತೆ ಬೇಸಿಗೆ ಬೇಸಿಗೆ ಆಳು ಮೇಸ್ತ್ರಿಯ ದಾರಿ ಕಾಯಬೇಕಾಗಿಲ್ಲದ್ದು, ಅದೂ ದೊಡ್ಡದೇ.

ಭಾವ ಈಗ ಸಂಜೆ ಹೊತ್ತು ಬರುತ್ತಾರೆ. ಒಳಗೆ ಬರುವುದಿಲ್ಲ, ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ನಾನು ಎದುರಿಗೇ ನಿಂತು ಮಾತಾಡುತ್ತೇನೆ. ಹೋದ ವಾರ ಅವರು ಕಂಬದ ಮೇಲಿನ ಬಿಲ್ಲೆಗಳನ್ನು ಬಗ್ಗಿ ನೋಡಿ, ‘ತುಕ್ಕು ಹಿಡೀತಿದೆ, ಬಣ್ಣ ಹೊಡೆಸು’ ಅಂದರು. ಹೊಡೆಸಿದೆ.

ನೀವು ಕಳೆದ ಎರಡು ಬೇಸಿಗೆಯೂ ಇಲ್ಲಿ ಶಾಲೆ ತೆರೆಯುವ ಹಿಂದಿನ ದಿನದವರೆಗೆ ಇದ್ದಿರಿ. ಇನ್ನು ಮುಂದೆಯೂ ಇರುತ್ತೀರಿ. ನನ್ನ ನಂತರ ಈ ಮನೆ ನಿಮ್ಮಿಬ್ಬರದ್ದು. ಜಾಗದ ವಿಷಯಕ್ಕೆ ಯಾರಾದರೂ ತಕರಾರು ತೆಗೆದರೆ ಹೆದರಬೇಡಿ, ಮನೆ ಸಮೇತ ಹೊರಡಬಹುದು. ಸಾಗರಕ್ಕಾದರೂ ಒಯ್ಯಿರಿ, ಎಲ್ಲಿಗಾದರೂ ಒಯ್ಯಿರಿ. ಯಾವ ಬೋಲ್ಟು ಮೊದಲು ಬಿಚ್ಚಬೇಕು, ರಬ್ಬರ್ ಪಟ್ಟಿ ಯಾವ ಕಡೆಯಿಂದ ಎಳೆಯಬೇಕು, ಗೋಡೆಯೊಳಗೆ ತಂತಿ ಎಲ್ಲೆಲ್ಲಿ ಹೋಗಿದೆ, ಮೂರು ಕಂಬದ ಮೇಲೆ ಎಷ್ಟೆಷ್ಟು ಬಿಲ್ಲೆ ಇವೆ ಅಂತ ಎಂಜಿನಿಯರ್ ಹುಡುಗಿಯಿಂದ ಕೇಳಿ ಕೇಳಿ ಚೌಕುಳಿ ಹಾಳೆಯಲ್ಲಿ ಚಿತ್ರ ಬರೆದು ಇದರ ಹಿಂದೆ ಪಿನ್ನು ಹಾಕಿದ್ದೇನೆ. ಕಾರ್ಖಾನೆಯವರ ಹತ್ತಿರವೂ ಈ ಬಿಲ್ಲೆಯ ಲೆಕ್ಕ ಇಲ್ಲ. ಆದ್ದರಿಂದ ಈ ಹಾಳೆಗಳನ್ನು ಕಪಾಟಿನ ಮೇಲಿನ ಅರೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಗೋಡೆಗೆ ತಾಗದ ಹಾಗೆ ಇಡಿ. ಬೂಷ್ಟು ಹಿಡಿಯಲು ಬಿಡಬೇಡಿ.